ಮೂವತ್ತೊಂದು ಹೆಜ್ಜೆ ಪೂರ್ವಕ್ಕೆ

ಜೂನ್ 3, ಸೋಮವಾರ

ಇದು ನನ್ನ ಏಳನೇ ಕೆಲಸ. ಕೊರಿಯರ್, ಮೊಬೈಲ್ ಅಂಗಡಿ, ಟಾಕೀಸಿನ ಪಾರ್ಕಿಂಗು, ಲಾಂಡ್ರಿ, ಮತ್ತೆ ಕೊರಿಯರ್, ಟೈಲ್ಸ್ ಗೋಡೌನು. ಎಲ್ಲೂ ಆರು ತಿಂಗಳು ದಾಟಿಲ್ಲ. ಕಾಲಲ್ಲಿ ಚಕ್ರ ಇದೆ, ಕೂರೋ ಜಾಗದಲ್ಲಿ ಮುಳ್ಳಿದೆ ನಿನಗೆ ಅಂತಾಳೆ ಅಕ್ಕ. ಈ ಸಲ ಕೆಲಸ ಕೊಡಿಸಿದ್ದು ಭಾವ. ಅವರು ನೀರು ಸರಬರಾಜು ಕಚೇರಿಯಲ್ಲಿ ಪೈಪ್ ರಿಪೇರಿಗೆ ಗುಂಡಿ ತೋಡೋ ತಂಡದ ಮೇಸ್ತ್ರಿ, ಇಪ್ಪತ್ತೆರಡು ವರ್ಷದಿಂದ. ಅದೇ ಕಚೇರಿಯ ನಕ್ಷೆ ವಿಭಾಗದಲ್ಲಿ ಕಂಪ್ಯೂಟರ್ ಮುಂದೆ ಕೂರೋದು, ಹತ್ತನೇ ಕ್ಲಾಸ್ ಸಾಕು, ಹನ್ನೊಂದು ತಿಂಗಳ ಕಾಂಟ್ರಾಕ್ಟು. ಬೈಕಲ್ಲಿ ಕೂರಿಸ್ಕೊಂಡು ಬಂದು ಗೇಟಲ್ಲಿ ಇಳಿಸಿದ್ರು. ನನ್ನ ಮರ್ಯಾದೆ ತೆಗೀಬೇಡ ಅಂತ ಅಷ್ಟೇ ಹೇಳಿದ್ರು.

ರೂಮು ಅರ್ಧ ನೆಲದ ಕೆಳಗಿದೆ. ಕಿಟಕಿಯಲ್ಲಿ ರಸ್ತೆಯಲ್ಲಿ ಹೋಗೋರ ಕಾಲು ಮಾತ್ರ ಕಾಣುತ್ತೆ. ಒಂದು ಗೋಡೆ ಪೂರ್ತಿ ಹಳೇ ಕಾಗದದ ನಕ್ಷೆಗಳು, ತಗಡಿನ ಡಬ್ಬಿಗಳಲ್ಲಿ ಸುತ್ತಿಟ್ಟಿದ್ದಾರೆ. ವಿಭಾಗದ ಮೇಡಂ ಕೆಲಸ ಹೇಳ್ಕೊಟ್ರು. ಊರಿನ ಪೈಪು, ವಾಲ್ವು, ಟ್ಯಾಂಕು ಎಲ್ಲದರ ನಕ್ಷೆ ಈಗ ಕಂಪ್ಯೂಟರಲ್ಲಿ ಇದೆ, ಸಾವಿರದೆಂಟುನೂರ ನಲವತ್ತು ಫೈಲು. ಒಂದೊಂದು ಫೈಲಿಗೂ ಒಂದು ಫಾರಂ ತುಂಬಬೇಕು. ನಕ್ಷೆ ಯಾರು ಮಾಡಿದ್ದು, ಯಾವತ್ತು, ಹೇಗೆ ಅಳೆದ್ರು, ಎಷ್ಟು ಕರಾರುವಾಕ್ಕು, ಎಲ್ಲಿ ನಂಬಬಾರದು, ಹೀಗೆ ಇಪ್ಪತ್ತೇಳು ಕಾಲಂ. ಇದಕ್ಕೆ ಮೆಟಾಡೇಟಾ ಅಂತಾರಂತೆ. ಹಾಗಂದ್ರೆ ಏನು ಮೇಡಂ ಅಂದೆ. ಔಷಧಿ ಬಾಟ್ಲಿ ಮೇಲೆ ಚೀಟಿ ಇರುತ್ತಲ್ಲಪ್ಪ, ಅದು ಅಂದ್ರು. ಬಾಟ್ಲಿ ಒಳಗಿರೋದು ನಕ್ಷೆ, ನೀನು ಬರೆಯೋದು ಚೀಟಿ. ಚೀಟಿ ಸರಿ ಇಲ್ದಿದ್ರೆ ಯಾರೋ ಕೆಮ್ಮಿನ ಔಷಧಿ ಅಂದ್ಕೊಂಡು ಇಲಿ ಪಾಷಾಣ ಕುಡೀತಾರೆ.

ಸಂಜೆವರೆಗೆ ನಾಲ್ಕು ಫಾರಂ ಆಯ್ತು. ಕಾಲು ತಾನಾಗೇ ಅಲ್ಲಾಡ್ತಿತ್ತು, ಟೇಬಲ್ ಕೂಡ ಜೊತೆಗೆ.

ಜೂನ್ 5, ಬುಧವಾರ

ಹದಿನಾಲ್ಕನೇ ಕಾಲಂ ನನ್ನ ಪ್ರಾಣ ತಿನ್ನುತ್ತೆ. ಹೆಸರು "ಆಧಾರ". ಅಳತೆ ಎಲ್ಲಿಂದ ಶುರು ಮಾಡಿದ್ರು ಅಂತ. ಹಳೇ ಕಾಲದೋರು ಊರ ಮಧ್ಯದ ಒಂದು ಗುರುತಿನ ಕಲ್ಲಿಂದ ಅಳೀತಿದ್ರಂತೆ, ಈಗಿನೋರು ಉಪಗ್ರಹದಿಂದ. ಆಯ್ಕೆ ಮೂರು: ಹೊಸದು, ಹಳೇದು, ಗೊತ್ತಿಲ್ಲ. ಯಾವುದು ಅಂತ ನೋಡೋಕೆ ಎದ್ದು ಹೋಗಿ, ತಗಡಿನ ಡಬ್ಬಿ ಬಿಚ್ಚಿ, ನಕ್ಷೆಯ ಮೂಲೆಯಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರ ಓದಬೇಕು. ಧೂಳಿಗೆ ಹನ್ನೊಂದು ಸಲ ಸೀನಿದೆ.

ಪಕ್ಕದ ಕಂಪ್ಯೂಟರಲ್ಲಿ ಒಬ್ಬಳು ಇದ್ದಾಳೆ. ಡಬ್ಬಿ ಬಿಚ್ತಾಳೆ, ಭೂತಗನ್ನಡಿ ಹಿಡೀತಾಳೆ, ರಿಟೈರ್ ಆದ ಸರ್ವೇಯರ್‌ಗಳಿಗೆ ಫೋನ್ ಮಾಡ್ತಾಳೆ, ಒಂದು ನೋಟ್‌ಬುಕ್ಕಲ್ಲಿ ಬರ್ಕೋತಾಳೆ, ಇಷ್ಟೆಲ್ಲಾ ಮಾಡಿ ಕೊನೆಗೆ "ಗೊತ್ತಿಲ್ಲ" ಅಂತ ಒತ್ತುತಾಳೆ. ಅವಳಿಗೆ ಗೊತ್ತಿಲ್ಲಮ್ಮ ಅಂತ ಹೆಸರಿಟ್ಟೆ. ಮುಖದ ಮೇಲೇ ಕರೆದೆ. ನಿನಗೆ ಎಲ್ಲಾ ಗೊತ್ತಿರೋದಕ್ಕೇ ಆರು ಕಡೆ ಓಡಿಸಿದ್ರಾ ಅಂದ್ಲು. ಇದು ಇವಳ ತನಕ ಹೇಗೆ ಹೋಯ್ತೋ.

ಜೂನ್ 10, ಸೋಮವಾರ

ಇವತ್ತು ನನ್ನ ತಲೆ ನನಗೇ ಇಷ್ಟ ಆಯ್ತು.

ಒಂದು ಫಾರಂ ಪೂರ್ತಿ ತುಂಬಿ, ಅದನ್ನೇ ಕಾಪಿ ಮಾಡಿ ಮುಂದಿನ ಫೈಲಿಗೆ ಅಂಟಿಸಬಹುದು. ಹೆಸರು ಮಾತ್ರ ಬದಲಾಯಿಸಿದ್ರೆ ಸಾಕು. ಫಾರಂ ಮೇಲೆ ಒಂದು ದೀಪ ಇದೆ. ಕಾಲಂ ಖಾಲಿ ಇದ್ರೆ ಕೆಂಪು, "ಗೊತ್ತಿಲ್ಲ" ಅಂದ್ರೂ ಕೆಂಪು, ಏನಾದ್ರೂ ಬರೆದಿದ್ರೆ ಹಸಿರು. ಏನು ಬರೆದಿದೆ ಅಂತ ದೀಪ ಓದಲ್ಲ. ಪರೀಕ್ಷೆಗೆ ಒಂದರಲ್ಲಿ ನಮ್ಮ ಅಕ್ಕನ ಹೊಲಿಗೆ ಮೆಷಿನ್ ನಂಬರ್ ಹಾಕಿದೆ. ಹಸಿರು.

ನೂರ ನಲವತ್ತು ಫಾರಂ ಮುಗಿಸಿದೆ. ಗೊತ್ತಿಲ್ಲಮ್ಮ ಒಂಬತ್ತು.

ಜೂನ್ 14, ಶುಕ್ರವಾರ

ಕಚೇರಿಯ ದೊಡ್ಡ ಸಾಹೇಬ್ರು ನಮ್ಮ ರೂಮಿಗೇ ಇಳಿದು ಬಂದ್ರು. ಗೋಡೆ ಮೇಲೆ ಚಾರ್ಟ್ ಹಾಕಿಸಿದ್ದಾರೆ, ನನ್ನ ಹೆಸರಿನ ಮುಂದೆ ಹಸಿರು ಗೀಟು ತೆಂಗಿನ ಮರದ ಥರ ಎದ್ದಿದೆ, ಗೊತ್ತಿಲ್ಲಮ್ಮನದು ಕೆಂಪಗೆ ಗರಿಕೆ ಥರ. ಹುಡುಗ ಚುರುಕಿದ್ದಾನೆ ಅಂತ ಮೇಡಂಗೆ ಹೇಳಿದ್ರು. ಮೇಡಂ ಒಂದು ಫಾರಂ ತೆರೆದು ನೋಡಿ, ಅರವತ್ತು ವರ್ಷದ ಟ್ಯಾಂಕಿನ ನಕ್ಷೆ ಈ ತಿಂಗಳು ಮೂರನೇ ತಾರೀಕು ಮಾಡಿದ್ದು ಅಂತ ಇದೆಯಲ್ಲ ಅಂದ್ರು. ಸಾಹೇಬ್ರು ನಕ್ಕರು. ತಾರೀಕು ಇದೆ ತಾನೇ, ಮೊದಲು ಅದೂ ಇರ್ಲಿಲ್ಲ ಅಂದ್ರು.

ಭಾವನ ಕಿವಿಗೂ ಬಿತ್ತು. ರಾತ್ರಿ ಊಟಕ್ಕೆ ಕೂತಾಗ, ಕಚೇರಿಯಲ್ಲಿ ನಿನ್ನ ಹೆಸರು ಹೇಳ್ತಿದ್ರು ಅಂದ್ರು. ತಟ್ಟೆ ನೋಡ್ಕೊಂಡೇ ಅಂದ್ರು, ಆದ್ರೂ ಅಂದ್ರು.

ಜೂನ್ 20, ಗುರುವಾರ

ಎಲ್ಲಾ ಮುಗೀತು. ಗೊತ್ತಿಲ್ಲಮ್ಮನ ಇನ್ನೂರ ಹನ್ನೆರಡು ಬಿಟ್ಟು. ಅವಳ "ಗೊತ್ತಿಲ್ಲ"ಗಳಿಂದ ಇಡೀ ವಿಭಾಗದ ಅಂಕ ತೊಂಬತ್ತಕ್ಕೆ ನಿಂತಿದೆ ಅಂತ ಸಾಹೇಬ್ರು ನನ್ನನ್ನೇ ಕರೆಸಿ, ಅವಳದ್ದೂ ಪೂರ್ತಿ ಮಾಡು ಅಂದ್ರು. ಒಂದು ಗಂಟೆ ಕೆಲಸ. ಎಲ್ಲಾ ಕಡೆ "ಹೊಸದು" ಅಂತ ಒತ್ತಿದೆ. ಅವಳು ಪಕ್ಕದಲ್ಲೇ ಕೂತು ನೋಡ್ತಿದ್ಲು. ಜಗಳ ಆಡ್ತಾಳೆ ಅಂದ್ಕೊಂಡಿದ್ದೆ.

"ಆ ನಕ್ಷೆಗಳ ಬಗ್ಗೆ ನನಗೆ ಖಚಿತವಾಗಿ ಗೊತ್ತಿದ್ದಿದ್ದು, ಗೊತ್ತಿಲ್ಲ ಅನ್ನೋದೊಂದೇ" ಅಂದ್ಲು. "ಅದನ್ನೂ ನೀನು ಅಳಿಸಿದೆ."

ತಲೆಬುಡ ಅರ್ಥ ಆಗ್ಲಿಲ್ಲ. ಬಿಡು, ಹೊಟ್ಟೆಕಿಚ್ಚು.

ಜೂನ್ 21, ಶುಕ್ರವಾರ

ಹೊಸ ಆದೇಶ. ಇನ್ಮೇಲೆ ಗುಂಡಿ ತೋಡೋರು ಕೈಯಲ್ಲಿ ಹಿಡಿಯೋ ಒಂದು ಮೆಷಿನ್ ತಗೊಂಡು ಹೋಗಬೇಕು. ಅದರಲ್ಲಿ ನಮ್ಮ ನಕ್ಷೆ ಇರುತ್ತೆ. ಅದು ಇಲ್ಲಿ ಅಂದ ಕಡೆ ಮಾತ್ರ ತೋಡಬೇಕು. ತಪ್ಪು ಗುಂಡಿ ತೋಡಿದ್ರೆ ಮೇಸ್ತ್ರಿ ಹೆಸರಿಗೆ ಕೆಂಪು ಗುರುತು. ಮೂರು ಗುರುತಿಗೆ ವಿಚಾರಣೆ, ಮೇಸ್ತ್ರಿ ಕೆಲಸ ಹೋಗುತ್ತೆ, ಊರಾಚೆ ಟ್ಯಾಂಕ್ ಕಾಯೋಕೆ ಹಾಕ್ತಾರೆ.

ಭಾವನಿಗೆ ಇದೆಲ್ಲಾ ಹಿಡಿಸಲ್ಲ. ಅವರ ಹತ್ರ ಒಂದು ಕಬ್ಬಿಣದ ಸಲಾಕೆ ಇದೆ, ನೆಲಕ್ಕೆ ಊರಿ ಇನ್ನೊಂದು ತುದಿಗೆ ಕಿವಿ ಇಡ್ತಾರೆ, ನೀರು ಹರಿಯೋ ಸದ್ದು ಕೇಳಿ ಇಲ್ಲಿ ತೋಡಿ ಅಂತಾರೆ. ಕಾಲ ಬದಲಾಯ್ತು ಭಾವ, ಇನ್ಮೇಲೆ ಕಿವಿ ಅಲ್ಲ, ನಕ್ಷೆ, ಅದರ ಚೀಟಿ ಬರೆದೋನು ನಾನೇ ಅಂದೆ. ಅಕ್ಕ ನಕ್ಕಳು. ಭಾವನೂ ಸ್ವಲ್ಪ ನಕ್ಕರು. ಹಾಗಾದ್ರೆ ನನ್ನ ಗುಂಡಿ ನಿನ್ನ ಕೈಯಲ್ಲಿದೆ ಅನ್ನು ಅಂದ್ರು.

ಜೂನ್ 27, ಗುರುವಾರ

ಭಾವನಿಗೆ ಮೊದಲನೇ ಕೆಂಪು ಗುರುತು. ಹಲ್ಲಿನ ಡಾಕ್ಟರ್ ಬಾಗಿಲ ಮುಂದೆ ಐದಡಿ ತೋಡಿದ್ದಾರೆ, ಪೈಪೂ ಇಲ್ಲ, ಪೈಪಿನ ನೆರಳೂ ಇಲ್ಲ. ಹಲ್ಲು ಕೀಳಿಸ್ಕೊಂಡು ಬಾಯಿಗೆ ಹತ್ತಿ ಇಟ್ಕೊಂಡು ಹೊರಗೆ ಬಂದ ಮುದುಕಪ್ಪ ಒಬ್ಬರು ಗುಂಡಿಗೆ ಬೀಳೋದು ಕೂದಲೆಳೆಯಲ್ಲಿ ತಪ್ಪಿತಂತೆ. ಮೆಷಿನ್ ಹೊಸದು, ಹಿಡಿಯೋಕೆ ಬರಲ್ಲ ಅವರಿಗೆ, ಅಂದ್ಕೊಂಡೆ.

ಜುಲೈ 2, ಮಂಗಳವಾರ

ಎರಡನೇದು. ಬಸ್ ಸ್ಟಾಪ್ ಒಳಗೆ. ಬೆಂಚು ಕಿತ್ತು ತೋಡಿದ್ರು. ಜನ ನಿಂತ್ಕೊಂಡೇ ಬಸ್ ಕಾಯ್ತಿದ್ದಾರೆ, ಒಬ್ಬೊಬ್ಬರೂ ಗುಂಡಿ ಒಳಗೆ ಇಣುಕಿ ಒಂದೊಂದು ಮಾತು ಹೇಳಿ ಹತ್ತುತಾರಂತೆ. ಭಾವ ಮನೆಗೆ ಬಂದು ಸ್ನಾನ ಮಾಡಿ ಸುಮ್ನೆ ಮಲಗಿದ್ರು. ಅಕ್ಕ ಹೊಲಿಗೆ ಮೆಷಿನ್ ತುಳೀತಿದ್ದೋಳು ನಿಲ್ಲಿಸಿ, ಆ ಮೆಷಿನ್ ಸರಿ ಇದೆ ತಾನೇ ಅಂತ ನನ್ನ ಕೇಳಿದ್ಲು. ಮೆಷಿನ್ ಸರಿಯಾಗೇ ಇದೆ ಅಂದೆ. ಅಷ್ಟು ಗಟ್ಟಿಯಾಗಿ ಹೇಳೋ ಅಗತ್ಯ ಇರ್ಲಿಲ್ಲ.

ಮೇಡಂ ನಿನ್ನೆಯಿಂದ ಇಲ್ಲ. ಮೂರು ವಾರ ತರಬೇತಿಗೆ ಹೋಗಿದ್ದಾರೆ. ವಿಷಯ: ಮೆಟಾಡೇಟಾದ ಮಹತ್ವ.

ಜುಲೈ 5, ಶುಕ್ರವಾರ

ಮೇಲಿನ ಕಚೇರಿಯಿಂದ ನಮಗೆ ಪ್ರಶಸ್ತಿ ಬಂದಿದೆ. ನೂರಕ್ಕೆ ನೂರು ವಿವರ ತುಂಬಿದ ಒಂದೇ ಊರು ನಮ್ಮದಂತೆ. ಗಾಜಿನ ಫಲಕ, ಶಾಲು, ಫೋಟೋ. ಫೋಟೋದಲ್ಲಿ ನಾನು ಸಾಹೇಬ್ರ ಎಡಗಡೆ, ಅರ್ಧ ಮುಖ. ಪ್ರಶಸ್ತಿ ಬಂದ ಮೇಲೆ ಯಾರೂ ಕೈ ಹಾಕಬಾರದು ಅಂತ ಎಲ್ಲಾ ಫಾರಂಗಳಿಗೂ ಬೀಗ ಹಾಕಿಬಿಟ್ರು. ಇಪ್ಪತ್ತಾರನೇ ಕಾಲಂ ಒಂದು ಮಾತ್ರ ತೆರೆದಿದೆ, "ತಿಳಿದಿರುವ ದೋಷಗಳು". ದೋಷ ಆಮೇಲೂ ಗೊತ್ತಾಗಬಹುದಲ್ಲ ಅಂತ ಆ ಸಾಫ್ಟ್‌ವೇರ್ ಮಾಡಿದೋನು ಯಾರೋ ಪುಣ್ಯಾತ್ಮ ಯೋಚಿಸಿದ್ದಾನೆ. ಅದರಲ್ಲಿ ಎಲ್ಲಾ ಕಡೆ ನಾನು "ಇಲ್ಲ" ಅಂತ ಹಾಕಿದ್ದೀನಿ.

ಜುಲೈ 9, ಮಂಗಳವಾರ

ಊಟದ ಹೊತ್ತಲ್ಲಿ ಭಾವ ತಾನಾಗೇ ಮಾತು ತೆಗೆದ್ರು. ಎರಡು ಸಲವೂ ಗುಂಡಿ ಮುಚ್ಚಿ, ಎಲ್ಲರೂ ಹೋದ ಮೇಲೆ ಸಲಾಕೆ ಇಟ್ಟು ನಿಜವಾದ ಪೈಪ್ ಎಲ್ಲಿದೆ ಅಂತ ಹುಡುಕಿದ್ರಂತೆ. ಸಿಕ್ತಂತೆ. ಗುಂಡಿಯಿಂದ ಪೈಪಿಗೆ ಹೆಜ್ಜೆ ಹಾಕಿ ಅಳೆದ್ರಂತೆ.

"ಮೂವತ್ತೊಂದು ಹೆಜ್ಜೆ. ಎರಡು ಕಡೆನೂ ಮೂವತ್ತೊಂದೇ. ಎರಡು ಕಡೆನೂ ಗುಂಡಿ ಇರೋದು ಪೈಪಿಂದ ಪೂರ್ವಕ್ಕೆ" ಅಂದ್ರು. "ತಪ್ಪು ಅಂದ್ರೆ ಒಂದ್ಸಲ ಆ ಕಡೆ, ಒಂದ್ಸಲ ಈ ಕಡೆ ಇರ್ಬೇಕು, ಕುಡುಕನ ನಡಿಗೆ ಥರ. ಇದು ಕುಡುಕನದಲ್ಲ ಕಣೋ. ಇದು ಲೆಕ್ಕ ಬಲ್ಲ ತಪ್ಪು."

ಕಲಸಿದ ಅನ್ನ ತಟ್ಟೆಯಲ್ಲೇ ಬಿಟ್ಟೆ. ನೀರು ಕುಡಿದೆ. ಖಾರ ಜಾಸ್ತಿ ಆಯ್ತಾ ಅಂದ್ಲು ಅಕ್ಕ.

ಜುಲೈ 10, ಬುಧವಾರ

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋದೆ. ಹಲ್ಲಿನ ಡಾಕ್ಟರ್ ಬೀದಿಯ ನಕ್ಷೆ ಇರೋ ಡಬ್ಬಿ ಹುಡುಕಿ ಬಿಚ್ಚಿದೆ. ಮೂಲೆಯಲ್ಲಿ ಸ್ಪಷ್ಟವಾಗಿದೆ, ಅಳತೆ ಗುರುತಿನ ಕಲ್ಲಿಂದ. ಬಸ್ ಸ್ಟಾಪಿನದ್ದೂ ಅದೇ. ನನ್ನ ಫಾರಂಗಳಲ್ಲಿ ಎರಡಕ್ಕೂ "ಹೊಸದು".

ಗೊತ್ತಿಲ್ಲಮ್ಮ ಬಂದಾಗ ನಾನು ನೆಲದ ಮೇಲೆ ಡಬ್ಬಿಗಳ ಮಧ್ಯೆ ಕೂತಿದ್ದೆ. ಹಳೇದನ್ನ ಹೊಸದು ಅಂತ ಬರೆದ್ರೆ ಏನಾಗುತ್ತೆ ಅಂತ ಕೇಳಿದೆ. ಅವಳು ಒಂದು ಕಾಗದ ತಗೊಂಡು ಎರಡು ಚುಕ್ಕೆ ಹಾಕಿ ತೋರಿಸಿದ್ಲು. ಕಲ್ಲಿಂದ ಇಷ್ಟು ದೂರ ಅಂತ ಇರೋದನ್ನ ಮೆಷಿನ್ ಉಪಗ್ರಹದ ಲೆಕ್ಕದಲ್ಲಿ ಓದುತ್ತೆ. ಆಗ ಆ ನಕ್ಷೆಯಲ್ಲಿರೋ ವಾಲ್ವು, ಪೈಪು ಎಲ್ಲಾ ಸಾಲಾಗಿ ಒಟ್ಟಿಗೆ ಪಕ್ಕಕ್ಕೆ ಸರಿಯುತ್ತೆ, ಶಾಲೆ ಮಕ್ಕಳು ಕವಾಯತಲ್ಲಿ ಸರಿದ ಹಾಗೆ. ಎಷ್ಟು ಸರಿಯುತ್ತೆ ಅಂದೆ. ಈ ಊರಲ್ಲಿ ಸುಮಾರು ಇಪ್ಪತ್ತೆರಡು ಮೀಟರ್, ಪೂರ್ವಕ್ಕೆ ಅಂದ್ಲು.

ಭಾವನ ಹೆಜ್ಜೆ ಲೆಕ್ಕ ಹಾಕಿದೆ. ಸರಿಯಾಗಿ ಕೂತ್ಕೊಳ್ತು.

ಹಾಗಾದ್ರೆ ಎಷ್ಟು ನಕ್ಷೆ ಹೀಗಿದೆ ಅಂದೆ.

"ಗೊತ್ತಿಲ್ಲ" ಅಂದ್ಲು. ನಗ್ಲಿಲ್ಲ.

ಜುಲೈ 11, ಗುರುವಾರ

ಸಾಹೇಬ್ರ ಹತ್ರ ಹೋದೆ. ಫಲಕ ಅವರ ಟೇಬಲ್ ಮೇಲೆ, ಬಂದೋರಿಗೆ ಅಕ್ಷರ ಕಾಣೋ ಹಾಗೆ ತಿರುಗಿಸಿಟ್ಟಿದ್ದಾರೆ. ಕಾಪಿ ಹೊಡೆದೆ ಸಾರ್, ಹದಿನಾಲ್ಕನೇ ಕಾಲಂ ನೋಡದೇ ತುಂಬಿದ್ದೀನಿ, ಅದಕ್ಕೇ ಗುಂಡಿ ತಪ್ಪುತ್ತಿದೆ ಅಂದೆ. ಅವರು ಸಮಾಧಾನವಾಗೇ ಕೇಳಿಸ್ಕೊಂಡ್ರು.

"ನೂರಕ್ಕೆ ನೂರು ತುಂಬಿದೆ. ತುಂಬಿದ ಮೇಲೆ ತಪ್ಪು ಎಲ್ಲಿಂದ ಬರುತ್ತಯ್ಯಾ? ಖಾಲಿ ಇದ್ರೆ ತಪ್ಪು. ಹೋಗು, ನಿದ್ದೆಗೆಟ್ಟಿದ್ದೀಯ."

ವಾಪಸ್ ಬಂದು ಕೂತೆ. ತೆರೆದಿರೋದು ಇಪ್ಪತ್ತಾರನೇ ಕಾಲಂ ಒಂದೇ. ಅದರಲ್ಲಿ "ಇಲ್ಲ" ಅಳಿಸಿ ಬರೆದೆ: "ಈ ಫಾರಂ ತುಂಬಿದವನು ನಾನು. ಮೂಲ ನಕ್ಷೆ ನೋಡಿಲ್ಲ, ಇನ್ನೊಂದರಿಂದ ಕಾಪಿ ಮಾಡಿದ್ದು. ಹದಿನಾಲ್ಕನೇ ಕಾಲಂ ನಂಬಬೇಡಿ. ಮೂಲ ಹಳೇದಾಗಿದ್ರೆ ಮೆಷಿನ್ ತೋರಿಸೋ ಜಾಗದಿಂದ ಮೂವತ್ತೊಂದು ಹೆಜ್ಜೆ ಪಶ್ಚಿಮಕ್ಕೆ ನೋಡಿ. ಹೆಜ್ಜೆ ಅಳೆದವರು: ಗುಂಡಿ ತಂಡದ ಮೇಸ್ತ್ರಿ. ತಪ್ಪು ಮೇಸ್ತ್ರಿಯದ್ದಲ್ಲ." ಕೆಳಗೆ ಹೆಸರು, ತಾರೀಕು. ಸಾವಿರದೆಂಟುನೂರ ನಲವತ್ತಕ್ಕೂ ಅಂಟಿಸಿದೆ. ಕಾಪಿ ಮಾಡೋದು ಮಾತ್ರ ಚೆನ್ನಾಗಿ ಕಲ್ತಿದ್ದೀನಲ್ಲ.

ಸಂಜೆ ದೀಪ ನೋಡಿದೆ. ಎಲ್ಲಾ ಹಸಿರು.

ಜುಲೈ 16, ಮಂಗಳವಾರ

ಯಾರೂ ಓದಿಲ್ಲ. ಐದು ದಿನ ಆಯ್ತು. ಫೈಲುಗಳನ್ನ ದಿನಾ ಜನ ತೆರೀತಾರೆ, ಅದು ನನಗೆ ಕಾಣುತ್ತೆ. ರಸ್ತೆ ವಿಭಾಗದೋರು ತೆರೆದ್ರು, ಮೇಲಿನ ಕಚೇರಿಯೋರು ತೆರೆದ್ರು, ನಮ್ಮ ಪ್ರಶಸ್ತಿ ನೋಡಿ ಕಲಿಯೋಕೆ ಬೇರೆ ಊರಿಂದ ಎಂಟು ಜನ ಬಂದು ತೆರೆದ್ರು, ಟೀ ಕುಡಿದು ಹೋದ್ರು. ಒಬ್ಬರೂ ಇಪ್ಪತ್ತಾರರ ತನಕ ಇಳೀಲಿಲ್ಲ. ಇವತ್ತು ಎಲ್ಲದರ ಕೊನೆಗೂ ಒಂದು ಸಾಲು ಸೇರಿಸಿದೆ: "ಇದನ್ನ ಓದಿದವರಿಗೆ ನನ್ನ ಕಡೆಯಿಂದ ಒಂದು ಟೀ."

ಅಕ್ಕ ಇವತ್ತು, ಪಕ್ಕದ ಮನೆಯೋರು ಮನೆ ಖಾಲಿ ಮಾಡ್ತಾರಂತೆ ಅಂದ್ಲು. ಯಾರು ಹೇಳಿದ್ದು ಅಂದೆ. ಹಾಲಿನೋನು. ಅವನಿಗೆ ಯಾರು ಹೇಳಿದ್ದು, ಯಾವತ್ತು, ಅವನು ಕಣ್ಣಾರೆ ನೋಡಿದ್ನಾ ಅಂದೆ. ಅಕ್ಕ ಸೌಟು ಹಿಡ್ಕೊಂಡು ನನ್ನನ್ನೇ ನೋಡಿದ್ಲು. ನಿನಗೆ ಏನಾಗಿದೆ, ಪೊಲೀಸಾ ನೀನು ಅಂದ್ಲು.

ಜುಲೈ 19, ಶುಕ್ರವಾರ

ಮೂರನೇ ಗುಂಡಿ. ಸ್ಕೂಲ್ ಗೇಟು. ನಾನು ಸ್ವತಃ ಹೋಗಿ ನೋಡಿದೆ, ಮಧ್ಯಾಹ್ನ ಎರಡು ಹತ್ತಕ್ಕೆ.

ಬೆಳಿಗ್ಗೆ ಹೊರಡೋವಾಗ, ಮೆಷಿನ್ ತೋರಿಸಿದ ಕಡೆ ತೋಡಬೇಡಿ ಭಾವ, ಪಶ್ಚಿಮಕ್ಕೆ ಹೋಗಿ ಅಂತ ಹೇಳಿದ್ದೆ. ನನಗೂ ಗೊತ್ತು, ಆದ್ರೆ ಬೇರೆ ಕಡೆ ತೋಡಿದ್ರೆ ಆದೇಶ ಮೀರಿದ ಅಂತ ಅದಕ್ಕೂ ಕೆಂಪೇ ಹಾಕ್ತಾರೆ, ಹೇಗೂ ಕೆಂಪೇ ಅಂದ್ರೆ ಹೇಳಿದ ಮಾತು ಕೇಳಿ ಕೆಂಪಾಗ್ತೀನಿ ಅಂದ್ರು. ಮೆಷಿನ್ ಯಾಕೆ ತಪ್ಪು ತೋರಿಸುತ್ತೆ ಅಂತ ಅವರು ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ ಅಂತ ಬರೆಯೋಕೆ ಹೊರಟಿದ್ದೆ. ಅದು ಸುಳ್ಳು. ಹೇಳ್ತಿರ್ಲಿಲ್ಲ.

ಜುಲೈ 24, ಬುಧವಾರ

ಶುಕ್ರವಾರ ವಿಚಾರಣೆ ಅಂತ ಭಾವನಿಗೆ ನೋಟಿಸ್ ಬಂತು.

ಮಧ್ಯಾಹ್ನ ಸಾಹೇಬ್ರು ನನ್ನನ್ನ ಕರೆಸಿದ್ರು. ಬಾಗಿಲು ಹಾಕಿದ್ರು. ಈ ಸಲ ಟೀ ಕೊಟ್ರು. ವಿಚಾರಣೆಗೆ ನೀನೂ ಬರ್ಬೇಕು, ನಕ್ಷೆ ವಿವರ ನೂರಕ್ಕೆ ನೂರು ಇದೆ ಅಂತ ಒಂದು ಮಾತು ಹೇಳಿ ಕೂತ್ಕೋ, ಅಷ್ಟೇ, ಅದು ಸುಳ್ಳೂ ಅಲ್ಲ ಅಂದ್ರು. ಟೇಬಲ್ ಮೇಲೆ ಒಂದು ಕಾಗದ ಇತ್ತು, ನನ್ನನ್ನ ಖಾಯಂ ಮಾಡೋದಕ್ಕೆ ಶಿಫಾರಸು. ಸಹಿ ಸೋಮವಾರ ಹಾಕ್ತಾರಂತೆ. ನಿಮ್ಮ ಭಾವನಿಗೆ ವಯಸ್ಸಾಯ್ತು, ಟ್ಯಾಂಕ್ ಹತ್ರ ಗಾಳಿ ಚೆನ್ನಾಗಿದೆ ಅಂದ್ರು.

ಜುಲೈ 25, ಗುರುವಾರ

ಖಾಯಂ ಸುದ್ದಿ ಭಾವನಿಗೆ ಯಾರೋ ಹೇಳಿಬಿಟ್ಟಿದ್ದಾರೆ. ಸಂಜೆ ಬಂದು, ನನಗೆ ಏನಾದ್ರೂ ಆಗ್ಲಿ, ಮನೆಯಲ್ಲಿ ಒಬ್ಬರಾದ್ರೂ ಫ್ಯಾನ್ ಕೆಳಗೆ ಕೂತು ಕೆಲಸ ಮಾಡ್ಲಿ ಅಂದ್ರು. ಆಮೇಲೆ ನನ್ನ ಬಿಳಿ ಶರ್ಟ್ ತಗೊಂಡು ತಾವೇ ಇಸ್ತ್ರಿ ಹಾಕಿದ್ರು. ಕಾಲರ್ ಎರಡೆರಡು ಸಲ. ಅಕ್ಕ ಬಾಗಿಲಲ್ಲಿ ನಿಂತು ನೋಡ್ತಿದ್ಲು. ಅವಳಿಗೆ ಅಳು ಬಂದಿತ್ತು, ಯಾವುದಕ್ಕೆ ಅಂತ ನಾನು ಕೇಳ್ಲಿಲ್ಲ.

ಈಗಲೇ ಹೇಳಿಬಿಡೋಣ ಅಂತ ಮೂರು ಸಲ ಬಾಯಿ ತೆರೆದೆ. ಒಂದ್ಸಲ ನೀರು ಕೇಳಿದೆ, ಒಂದ್ಸಲ ಟೈಮ್ ಕೇಳಿದೆ, ಇನ್ನೊಂದ್ಸಲ ಆಕಳಿಸಿದೆ.

ಜುಲೈ 26, ಶುಕ್ರವಾರ

ಆಗಿದ್ದನ್ನ ಆದ ಹಾಗೆ ಬರೀತೀನಿ.

ಮೀಟಿಂಗ್ ರೂಮಲ್ಲಿ ಸಾಹೇಬ್ರು, ತರಬೇತಿ ಮುಗಿಸಿ ಬಂದಿರೋ ಮೇಡಂ, ಮೇಲಿನ ಕಚೇರಿಯಿಂದ ಬಂದಿದ್ದ ಒಬ್ಬ ವಿಚಾರಣಾಧಿಕಾರಿ, ಭಾವ, ನಾನು. ಭಾವನನ್ನ ಕೂರಿಸ್ಲಿಲ್ಲ. ಮೂರು ಗುಂಡಿಯ ಫೋಟೋ ತೋರಿಸಿದ್ರು. ಮೆಷಿನ್ ಹೇಳಿದ ಕಡೆ ತೋಡಿದ್ದೀನಿ ಸಾರ್ ಅಂತ ಭಾವ ಅಂದ್ರು. ಹೌದಪ್ಪ, ಮೆಷಿನ್ ಹಿಡಿಯೋಕೆ ಬರ್ಬೇಕಲ್ಲ ಅಂದ್ರು ಸಾಹೇಬ್ರು. ಆಮೇಲೆ ನನ್ನ ಕಡೆ ತಿರುಗಿ, ವಿವರ ಎಷ್ಟು ತುಂಬಿದೆ ಅಂತ ಕೇಳಿದ್ರು.

ನೂರಕ್ಕೆ ನೂರು ಸಾರ್, ಅಂದೆ. ಅಷ್ಟು ಹೇಳಿ ಕೂತ್ಕೋಬೇಕಿತ್ತು. ಕೂರೋಕೆ ಆಗ್ಲಿಲ್ಲ.

"ಇಪ್ಪತ್ತಾರನೇ ಕಾಲಂ ಒಂದ್ಸಲ ಓದ್ತೀರಾ ಮೇಡಂ?" ಅಂದೆ.

ಮೇಡಂ ಕಂಪ್ಯೂಟರ್ ತೆರೆದು ಸ್ಕೂಲ್ ಗೇಟಿನ ಫೈಲ್ ತೆಗೆದ್ರು. ಮೊದಲು ಮನಸಲ್ಲೇ ಓದಿದ್ರು. ಆಮೇಲೆ ಜೋರಾಗಿ ಓದಿದ್ರು. ನಂಬಬೇಡಿ, ಮೂವತ್ತೊಂದು ಹೆಜ್ಜೆ, ತಪ್ಪು ಮೇಸ್ತ್ರಿಯದ್ದಲ್ಲ, ಕೊನೆಗೆ ಟೀ. ಟೀ ಅಂತ ಓದೋವಾಗ ಅವರ ದನಿ ಸ್ವಲ್ಪ ಹೆಚ್ಚುಕಮ್ಮಿ ಆಯ್ತು. ನಾನು ಭಾವನ ಮುಖ ನೋಡ್ಲಿಲ್ಲ. ಅವರ ಬೂಟು ನೋಡ್ತಿದ್ದೆ. ಮಣ್ಣಾಗಿತ್ತು.

ಇದನ್ನ ಯಾವತ್ತು ಬರೆದೆ ಅಂತ ವಿಚಾರಣಾಧಿಕಾರಿ ಕೇಳಿದ್ರು. ಹನ್ನೊಂದನೇ ತಾರೀಕು ಅಂದೆ. ಅಂದ್ರೆ ಮೂರನೇ ಗುಂಡಿಗೆ ಎಂಟು ದಿನ ಮುಂಚೆ. ಯಾಕೆ ಯಾರಿಗೂ ಹೇಳ್ಲಿಲ್ಲ ಅಂದ್ರು ಅವರು.

"ಸಾಹೇಬ್ರಿಗೆ ಬಾಯಲ್ಲಿ ಹೇಳ್ದೆ ಸಾರ್. ಮಿಕ್ಕೋರಿಗೆ ಸಾವಿರದೆಂಟುನೂರ ನಲವತ್ತು ಕಡೆ ಬರೆದಿದ್ದೀನಿ."

ಸಾಹೇಬ್ರು, ಹುಡುಗ ಭಾವನನ್ನ ಉಳಿಸೋಕೆ ಕಥೆ ಕಟ್ತಿದ್ದಾನೆ, ಇದಕ್ಕೆ ಸಾಕ್ಷಿ ಏನು ಅಂದ್ರು. ಆಗ ಭಾವ ಮೊದಲ ಸಲ ತಾನಾಗಿ ಮಾತಾಡಿದ್ರು. ಈ ಕಚೇರಿ ಅಂಗಳದಲ್ಲೇ ಒಂದು ವಾಲ್ವ್ ಇದೆ, ಮೂವತ್ತು ವರ್ಷದಿಂದ ಯಾರೂ ತೆರೆದಿಲ್ಲ, ನಾನೂ ನೋಡಿಲ್ಲ, ಮೆಷಿನ್ ತನ್ನಿ ಅಂದ್ರು. ಎಲ್ಲರೂ ಕೆಳಗೆ ಇಳಿದ್ವಿ. ಗೊತ್ತಿಲ್ಲಮ್ಮ ತನ್ನ ನೋಟ್‌ಬುಕ್ ಹಿಡ್ಕೊಂಡು ಬಂದು, ಅಂಗಳದ ನಕ್ಷೆ ಹಳೇ ಆಧಾರದ್ದು, ಡಬ್ಬಿಯಲ್ಲಿ ತಾನೇ ಓದಿದ್ದು, ಜೂನ್ ಹನ್ನೆರಡು, ಫಾರಂ ತುಂಬಿದ್ದು ಮಾತ್ರ ಇವನು ಅಂತ ಹೇಳಿದ್ಲು. ಮೆಷಿನ್ ಸೈಕಲ್ ಸ್ಟ್ಯಾಂಡ್ ಹತ್ರ ನಿಂತು ಇಲ್ಲೇ ಅಂತು. ಭಾವ ಅಲ್ಲಿಂದ ಪಶ್ಚಿಮಕ್ಕೆ ಮುಖ ಮಾಡಿ ಹೆಜ್ಜೆ ಹಾಕಿದ್ರು. ಹಿಂದೆ ಎಲ್ಲರೂ, ಮೆರವಣಿಗೆ ಹೊರಟ ಹಾಗೆ. ಕ್ಲರ್ಕುಗಳು ಕಿಟಕಿಯಲ್ಲಿ. ಮೂವತ್ತೊಂದಕ್ಕೆ ಭಾವ ನಿಂತಾಗ ಮುಂದೆ ಹೊಸ ಟೈಲ್ಸ್, ಟೈಲ್ಸ್ ಮೇಲೆ ಕಾರು.

"ಸಾಹೇಬ್ರೇ, ಗಾಡಿ ಸ್ವಲ್ಪ ತೆಗೆಸ್ಬೇಕು" ಅಂದ್ರು.

ಹೊಸ ಟೈಲ್ಸ್ ಅಂತ ಸಾಹೇಬ್ರು ಅಂದಿದ್ದು ನಮಗೆಲ್ಲಾ ಕೇಳಿಸ್ತು. ವಿಚಾರಣಾಧಿಕಾರಿ ತೋಡಿ ಅಂದ್ರು. ಎರಡೂವರೆ ಅಡಿಗೆ ಸಲಾಕೆ ಠಣ್ ಅಂತು. ಕಬ್ಬಿಣದ ಮುಚ್ಚಳ, ಮೇಲೆ ಕಚೇರಿಯ ಹಳೇ ಮುದ್ರೆ.

ಭಾವನ ಮೂರೂ ಗುರುತು ಅಲ್ಲೇ ಹೊಡೆದು ಹಾಕಿದ್ರು. ವಿಚಾರಣಾಧಿಕಾರಿ ಸಹಿ ಮಾಡಿದ್ದನ್ನ ನಾನು ನೋಡಿದೆ.

ವಾಪಸ್ ಬರೋವಾಗ ಬೈಕ್ ಹತ್ರ ಹೋಗಿ ನಿಂತೆ. ಭಾವ ಸ್ಟಾರ್ಟ್ ಮಾಡ್ಕೊಂಡು ಒಬ್ಬರೇ ಹೋದ್ರು. ನಡ್ಕೊಂಡು ಬಂದೆ. ಒಂದು ಗಂಟೆ ಐದು ನಿಮಿಷ.

ಜುಲೈ 29, ಸೋಮವಾರ

ಭಾವ ಮಾತಾಡ್ತಿಲ್ಲ. ಹೇಳೋದೇನಿದ್ರೂ ಅಕ್ಕನ ಮೂಲಕ. ನಿನ್ನ ತಮ್ಮನಿಗೆ ಟವೆಲ್ ಅಲ್ಲಿಡೋಕೆ ಹೇಳು. ನಾನು ಅದೇ ಕೋಣೆಯಲ್ಲಿ ಎರಡು ಮಾರು ದೂರದಲ್ಲಿ ಇರ್ತೀನಿ. ಇವತ್ತು ಅಕ್ಕ ರೇಗಿದ್ಲು. ನಾನೇನು ನಿಮ್ಮಿಬ್ಬರ ಮಧ್ಯೆ ಪೋಸ್ಟ್‌ಮ್ಯಾನಾ, ಬೇಕಾದ್ರೆ ಕಾಗದ ಬರ್ಕೊಳ್ಳಿ ಅಂದ್ಲು. ಆಮೇಲೆ ನನ್ನನ್ನ ಅಡುಗೆಮನೆಗೆ ಕರೆದು, ನಿನ್ನಿಂದ ಕೆಂಪು ಗುರುತು ಬಿದ್ದಿದ್ದಕ್ಕಲ್ಲ ಅವರಿಗೆ ಬೇಜಾರು, ಆ ಶರ್ಟಿಗೆ ಇಸ್ತ್ರಿ ಹಾಕ್ತಿದ್ದಾಗ ನೀನು ಸುಮ್ನೆ ಕೂತಿದ್ಯಲ್ಲ, ಅದಕ್ಕೆ ಅಂದ್ಲು. ಇದು ಅಕ್ಕ ಹೇಳಿದ್ದು. ಅವರ ಬಾಯಿಂದ ಕೇಳಿಲ್ಲ. ಆದ್ರೆ ನಿಜ ಇರ್ಬೇಕು.

ಖಾಯಂ ಕಾಗದ ಹರಿದು ಹಾಕಿದ್ರಂತೆ. ಪ್ರಶಸ್ತಿ ವಾಪಸ್ ತಗೋತೀರಾ ಅಂತ ಮೇಡಂ ಕೇಳಿದ್ರೆ, ವಾಪಸ್ ತಗೊಳ್ಳೋಕೆ ಫಾರಂ ಇಲ್ಲ ಅಂತ ಮೇಲಿನ ಕಚೇರಿಯಿಂದ ಉತ್ತರ ಬಂತಂತೆ.

ಆಗಸ್ಟ್ 2, ಶುಕ್ರವಾರ

ಕಚೇರಿ ಪಾಠ ಕಲಿತಿದೆ. ಹೊಸ ಸುತ್ತೋಲೆ ಬಂದಿದೆ: ಇಪ್ಪತ್ತೆಂಟನೇ ಕಾಲಂ, "ಮೇಲಿನ ಎಲ್ಲಾ ವಿವರ ಓದಿದ್ದೇನೆ". ಎದುರಿಗೆ ಟಿಕ್ ಹಾಕಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಸುತ್ತೋಲೆ ಬಂತು, ಹನ್ನೊಂದು ನಾಲ್ಕಕ್ಕೆ ಸಾಹೇಬ್ರು ಸಾವಿರದೆಂಟುನೂರ ನಲವತ್ತಕ್ಕೂ ಟಿಕ್ ಹಾಕಿಸಿಬಿಟ್ರು. ಎಲ್ಲಾ ಹಸಿರು. ಮುಂದಿನ ವರ್ಷವೂ ಪ್ರಶಸ್ತಿ ಗ್ಯಾರಂಟಿ.

ನನ್ನನ್ನ ಕಂಪ್ಯೂಟರಿಂದ ಎಬ್ಬಿಸಿದ್ರು. ತೆಗೆದು ಹಾಕ್ತಾರೆ ಅಂದ್ಕೊಂಡಿದ್ದೆ. ಮೇಡಂ ಬೇರೆ ಕೆಲಸ ಹೇಳಿದ್ರು. ಹಳೇ ನಕ್ಷೆಯ ಒಂದೊಂದು ವಾಲ್ವಿನ ಜಾಗಕ್ಕೂ ಹೋಗಿ, ನೋಡಿ, ಟೇಪ್ ಹಿಡಿದು ಅಳೆದು, ಆಮೇಲೆ ಫಾರಂ. ದಿನಕ್ಕೆ ಮೂರಾದ್ರೆ ಹೆಚ್ಚು. ಕೂಲಿ ಲೆಕ್ಕದಲ್ಲಿ, ಗುಂಡಿ ತಂಡದ ಜೊತೆ. ಮೇಸ್ತ್ರಿ ಒಪ್ಪಿದ್ರೆ ಮಾತ್ರ, ಒಪ್ಪದಿದ್ರೆ ನಿನ್ನ ದಾರಿ ನಿನಗೆ ಅಂದ್ರು. ಕೇಳಿದ್ರಾ ಮೇಡಂ ಅವರನ್ನ ಅಂದೆ. ಕೇಳಿದೆ, ಹೂಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ ಅಂದ್ರು.

ಸಂಜೆ ಮನೆಯಲ್ಲಿ ಭಾವ ಪೇಪರ್ ಓದ್ತಿದ್ರು. ನಾನು ಬಟ್ಟೆ ಬ್ಯಾಗಿಗೆ ತುಂಬ್ಕೊಳ್ತಿದ್ದೆ, ಇನ್ನು ಇಲ್ಲಿ ಇರೋದು ಸರಿಯಲ್ಲ ಅಂತ. ಮೊದಲಾಗಿದ್ರೆ ಇಷ್ಟೊತ್ತಿಗೆ ಬಸ್ ಹತ್ತಿರ್ತಿದ್ದೆ. ಮಡಚಿದ ಶರ್ಟನ್ನೇ ಮತ್ತೆ ಮತ್ತೆ ಮಡಚ್ತಿದ್ದೆ. ಅಕ್ಕ ಹೊಲಿಗೆ ಮೆಷಿನ್ ಮುಂದೆ ಸುಮ್ನೆ ಕೂತಿದ್ಲು, ತುಳೀತಿರ್ಲಿಲ್ಲ.

ಭಾವ ಪೇಪರ್ ಕೆಳಗಿಡದೇ ಮಾತಾಡಿದ್ರು. ಅಕ್ಕನಿಗಲ್ಲ.

"ಬೆಳಿಗ್ಗೆ ಆರಕ್ಕೆ. ಹಳೇ ಚಪ್ಪಲಿ ಹಾಕ್ಕೋ, ಕೆಸರಿರುತ್ತೆ."